ಸಣ್ಣ ಬಜೆಟ್ಟಲ್ಲಿ ಮೊಬೈಲ್ ಡಿಜೆ ಸೆಟಪ್: ಯಾವ ಸಾಫ್ಟ್‌ವೇರ್, ಏನೇನು ಸಾಮಾನು?

ಲಗ್ಗೆರೆ_ಬೀಟ್ಸ್:

ಎಲ್ಲರಿಗೂ ನಮಸ್ಕಾರ. ನಾಮಕರಣ, ನಿಶ್ಚಿತಾರ್ಥ, ಅಪಾರ್ಟ್‌ಮೆಂಟ್ ಫಂಕ್ಷನ್, ನವೆಂಬರ್ ಬಂದ್ರೆ ಏರಿಯಾದ ರಾಜ್ಯೋತ್ಸವ. ಇಂಥ ಕಾರ್ಯಕ್ರಮಗಳಿಗೆ ಹೋಗೋಕೆ ಒಂದು ಸೆಟಪ್ ಮಾಡ್ಕೋಬೇಕು. ಜನ 80ರಿಂದ 150 ಇರ್ತಾರೆ. ಸ್ಪೀಕರ್ ಸದ್ಯಕ್ಕೆ ಬಾಡಿಗೆಗೆ ತಗೋತೀನಿ. ಇರೋ ಲ್ಯಾಪ್‌ಟಾಪ್ ವಿಂಡೋಸ್, ಐ5, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಉಳಿದದ್ದಕ್ಕೆಲ್ಲ ಸೇರಿ 60 ಸಾವಿರ ಇದೆ.

ಸಾಫ್ಟ್‌ವೇರಿಗೆ ದುಡ್ಡು ಕೊಡಲೇಬೇಕಾ, ಫ್ರೀ ಸಾಕಾ? ಕಂಟ್ರೋಲರ್ (ಲ್ಯಾಪ್‌ಟಾಪಿಗೆ ಸಿಕ್ಕಿಸಿ ಹಾಡು ಮಿಕ್ಸ್ ಮಾಡೋ ಪೆಟ್ಟಿಗೆ) ಯಾವ ಮಟ್ಟದ್ದು ತಗೊಳ್ಳೋದು? ಇನ್ನೂ ಎರಡು ತಲೆನೋವಿದೆ. ಚಾರ್ಜರ್ ಹಾಕಿದ ತಕ್ಷಣ ಸ್ಪೀಕರಲ್ಲಿ ಗುಂಯ್ ಅಂತ ಸದ್ದು ಬರುತ್ತೆ. ಹಳೇ ಕನ್ನಡ ಹಾಡುಗಳಿಗೆ, ಎರಡು ಹಾಡಿನ ವೇಗ ಹೊಂದಿಸೋ ಸಿಂಕ್ ಬಟನ್ ಒತ್ತಿದ್ರೆ ಬೀಟ್ ಎಲ್ಲೋ ಹೋಗುತ್ತೆ. ತಿಳಿದವರು ದಯವಿಟ್ಟು ಹೇಳಿ.

ಕತ್ರಿಗುಪ್ಪೆ_ಕ್ರಾಸ್‌ಫೇಡರ್:

ಮೊದಲು ಸಾಫ್ಟ್‌ವೇರ್ ಆರಿಸಿ ಆಮೇಲೆ ಕಂಟ್ರೋಲರ್ ಹುಡುಕೋದು ಉಲ್ಟಾ ದಾರಿ. ಕಂಟ್ರೋಲರ್ ಆರಿಸಿ, ಸಾಫ್ಟ್‌ವೇರ್ ಅದರ ಜೊತೆಗೇ ಬರುತ್ತೆ. ಪಯೋನಿಯರ್ ಡಿಡಿಜೆ-ಎಫ್‌ಎಲ್‌ಎಕ್ಸ್4 ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ರೆ ಅದೇ ಕಂಪನಿಯ ಡಿಜೆ ಸಾಫ್ಟ್‌ವೇರ್ ರೆಕಾರ್ಡ್‌ಬಾಕ್ಸ್‌ನ ಪರ್ಫಾರ್ಮೆನ್ಸ್ ಮೋಡ್ ಬೇರೆ ದುಡ್ಡಿಲ್ಲದೆ ತೆರೆದುಕೊಳ್ಳುತ್ತೆ. ನ್ಯೂಮಾರ್ಕ್ ಮಿಕ್ಸ್‌ಟ್ರ್ಯಾಕ್ ಪ್ರೊ ಎಫ್‌ಎಕ್ಸ್ ತಗೊಂಡ್ರೆ ಸೆರಾಟೊ ಡಿಜೆ ಲೈಟ್ ಸಿಗುತ್ತೆ. ಎರಡೇ ಡೆಕ್, ಅಂದ್ರೆ ಒಟ್ಟಿಗೆ ಎರಡೇ ಹಾಡು, ಆದ್ರೆ ನಿಮ್ಮ ಕೆಲಸಕ್ಕೆ ಎರಡೇ ಸಾಕು. ವರ್ಚುವಲ್ ಡಿಜೆ ಬಗ್ಗೆ ಒಂದು ಎಚ್ಚರ: ಮನೆಯಲ್ಲಿ ಕಲಿಯೋಕೆ ಫ್ರೀ, ದುಡ್ಡು ತಗೊಂಡು ನುಡಿಸೋಕೆ ಪ್ರೊ ಲೈಸೆನ್ಸ್ ಬೇಕು. ‘ಫ್ರೀ’ ಅನ್ನೋ ಪದ ನೋಡಿ ಕಾರ್ಯಕ್ರಮಕ್ಕೆ ಒಯ್ಯಬೇಡಿ.

ಪೂರ್ತಿ ಫ್ರೀ ಬೇಕು ಅಂದ್ರೆ ಮಿಕ್ಸ್ ಇದೆ, ಹೆಸರಿನ ಕೊನೆಯಲ್ಲಿ ಮೂರು ಎಕ್ಸ್ ಇರೋದು. ಓಪನ್ ಸೋರ್ಸ್, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತೆ, ಸಂಪಾದನೆಗೂ ಬಳಸಬಹುದು. ಹಳೇ ಸೆಕೆಂಡ್ ಹ್ಯಾಂಡ್ ಕಂಟ್ರೋಲರ್ ಸಿಕ್ಕಿದ್ರೆ ಇದೇ ಸರಿ. ಕಂಪನಿಯವರು ಕೈಬಿಟ್ಟ ಎಷ್ಟೋ ಮಾಡೆಲ್‌ಗಳಿಗೆ ಇದರಲ್ಲಿ ಮ್ಯಾಪಿಂಗ್ (ಯಾವ ಬಟನ್ ಏನು ಮಾಡಬೇಕು ಅನ್ನೋ ಫೈಲ್) ಇದೆ. ತಗೊಳ್ಳೋ ಮುಂಚೆ ಅದರ ಕೈಪಿಡಿಯ ಹಾರ್ಡ್‌ವೇರ್ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಇದೆಯಾ ನೋಡಿ. ಇದರಲ್ಲಿ ಎಲ್ಲರೂ ಎಡವೋದು ಸೌಂಡ್ ಹಾರ್ಡ್‌ವೇರ್ ಪುಟದಲ್ಲಿ. ಮೇನ್ ಔಟ್‌ಪುಟ್ಟನ್ನ ಕಂಟ್ರೋಲರಿನ ಚಾನೆಲ್ 1-2ಕ್ಕೆ, ಹೆಡ್‌ಫೋನನ್ನ 3-4ಕ್ಕೆ ಕೊಡಬೇಕು. ಎರಡನ್ನೂ 1-2ಕ್ಕೇ ಕೊಟ್ರೆ ನೀವು ಕಿವಿಯಲ್ಲಿ ಹುಡುಕ್ತಿರೋ ಹಾಡು ಜನರಿಗೂ ಕೇಳುತ್ತೆ.

ಕಂಟ್ರೋಲರ್ ಕೊಳ್ಳೋಕೆ ಮುಖ್ಯ ಕಾರಣವೇ ಆ 3-4. ಲ್ಯಾಪ್‌ಟಾಪಿನ ಒಂದೇ ಜ್ಯಾಕಿನಲ್ಲಿ ಜನರಿಗೊಂದು, ಕಿವಿಗೊಂದು ಕಳಿಸೋಕೆ ಆಗಲ್ಲ. ಸ್ಪ್ಲಿಟರ್ ಹಾಕಿ ಎಡ ಜನರಿಗೆ, ಬಲ ಕಿವಿಗೆ ಅಂತ ಮಾಡಬಹುದು. ಆದ್ರೆ ಎರಡೂ ಮೋನೋ, ಕಲಿಯೋಕೆ ಮಾತ್ರ ಸಾಕು. ಹಾಗಾಗಿ ಜಾಗ್ ವೀಲ್ ಎಷ್ಟು ದೊಡ್ಡದು, ಎಷ್ಟು ಲೈಟ್ ಮಿನುಗುತ್ತೆ ಅಂತ ನೋಡೋ ಬದಲು ಒಳಗೇ ಸೌಂಡ್ ಕಾರ್ಡ್ ಇದೆಯಾ, ನಾಲ್ಕು ಔಟ್‌ಪುಟ್ ಇದೆಯಾ, ಮೈಕ್ ಇನ್‌ಪುಟ್ ಇದೆಯಾ ಅಂತ ನೋಡಿ. 60 ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ಕಂಟ್ರೋಲರಿಗೆ ಹಾಕಬೇಡಿ. ಮಿಕ್ಕಿದ್ದು ಲ್ಯಾಪ್‌ಟಾಪಿನಿಂದ ಆಚೆ ಬೇಕಾಗುತ್ತೆ. ಕಾರ್ಯಕ್ರಮ ಕೆಡೋದು ಬಹುತೇಕ ಆ ಆಚೆಯಲ್ಲೇ.

ನಿಮ್ಮ ಲ್ಯಾಪ್‌ಟಾಪ್ ಸಾಕು. ಹಾಡಿನಿಂದ ದನಿ, ತಾಳ ಬೇರೆ ಮಾಡೋ ಸ್ಟೆಮ್ ಸೌಲಭ್ಯ ಮಾತ್ರ ಆಫ್ ಮಾಡಿ, 8 ಜಿಬಿಗೆ ಅದು ಭಾರ. ಬಫರ್ (ಸದ್ದು ಹೊರಬರೋ ಮುಂಚೆ ಲ್ಯಾಪ್‌ಟಾಪ್ ಕೂಡಿಟ್ಟುಕೊಳ್ಳೋ ತುಣುಕು) 44.1 ಕಿಲೋಹರ್ಟ್ಸ್‌ನಲ್ಲಿ 512 ಸ್ಯಾಂಪಲ್‌ಗೆ ಇಡಿ, ತಡ ಸುಮಾರು 11.6 ಮಿಲಿಸೆಕೆಂಡ್. 256ಕ್ಕೆ ಇಳಿಸಿದ್ರೆ 5.8 ಆಗುತ್ತೆ, ಕೈಗೆ ಚುರುಕು ಅನ್ನಿಸುತ್ತೆ, ಆದ್ರೆ ಪಟಪಟ ಸದ್ದು ಬರೋಕೆ ಶುರುವಾಗಬಹುದು. ಸ್ಕ್ರ್ಯಾಚ್ ಮಾಡದವರಿಗೆ 512ರಿಂದ ಏನೂ ನಷ್ಟ ಇಲ್ಲ. ಹಾಗೂ ಪಟಪಟ ಬಂದ್ರೆ ವೈಫೈ, ಬ್ಲೂಟೂತ್ ಎರಡೂ ಆಫ್ ಮಾಡಿ, ಪವರ್ ಆಪ್ಶನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಡಿಸೇಬಲ್ ಮಾಡಿ, ಪ್ಲಾನ್ ಹೈ ಪರ್ಫಾರ್ಮೆನ್ಸ್‌ಗೆ ಹಾಕಿ. ಆಗಲೂ ಹೋಗದಿದ್ರೆ ಲೇಟೆನ್ಸಿಮಾನ್ ಅನ್ನೋ ಫ್ರೀ ಉಪಕರಣ ಹತ್ತು ನಿಮಿಷ ಓಡಿಸಿ, ಯಾವ ಡ್ರೈವರ್ ಅಡ್ಡ ಬರ್ತಿದೆ ಅಂತ ಹೆಸರು ಸಮೇತ ತೋರಿಸುತ್ತೆ. ವಿಂಡೋಸ್ ಸೌಂಡ್ ಸ್ಕೀಮನ್ನ ‘ನೋ ಸೌಂಡ್ಸ್’ಗೆ ಹಾಕೋದು, ಅಪ್‌ಡೇಟ್ ಒಂದು ವಾರ ತಡೆಯೋದು, ಸ್ಲೀಪ್ ಆಫ್ ಮಾಡೋದು ಮರೀಬೇಡಿ. ಹಿಂದಿನ ದಿನ ಮನೆಯಲ್ಲಿ ಏರೋಪ್ಲೇನ್ ಮೋಡಲ್ಲಿ ಸಾಫ್ಟ್‌ವೇರ್ ತೆರೆದು ನೋಡಿ. ಕಲ್ಯಾಣ ಮಂಟಪದ ಬೇಸ್‌ಮೆಂಟಲ್ಲಿ ಲಾಗಿನ್ ಕೇಳಿದ್ರೆ ನೆಟ್ ಎಲ್ಲಿಂದ ತರೋದು? ಸ್ಟ್ರೀಮಿಂಗ್ ನಂಬಬಾರದು ಅನ್ನೋದೂ ಇದೇ ಕಾರಣಕ್ಕೆ.

ಎರಡು_ಟಾಪ್_ಒಂದು_ಬೇಸ್:

ಮೇಲಿನವರು ಹೇಳಿದ ‘ಆಚೆ’ ಬಗ್ಗೆ ನಾನು ಬರೀತೀನಿ. ಕಂಟ್ರೋಲರ್ ಆದ ಮೇಲೆ ಮೊದಲ ಖರ್ಚು ಒಂದು ಸಣ್ಣ ಅನಲಾಗ್ ಮಿಕ್ಸರ್. ಕಮ್ಮಿ ಅಂದ್ರೆ ಎರಡು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ದುಂಡು ಪ್ಲಗ್) ಮೈಕ್ ಇನ್‌ಪುಟ್, ಎರಡು ಸ್ಟೀರಿಯೊ ಲೈನ್ ಇನ್‌ಪುಟ್, ಬ್ಯಾಲೆನ್ಸ್ಡ್ ಔಟ್‌ಪುಟ್ ಇರಬೇಕು. ಕಂಟ್ರೋಲರ್ ಒಂದು ಸ್ಟೀರಿಯೊ ಚಾನೆಲ್‌ಗೆ, ಫೋನ್ ಇನ್ನೊಂದಕ್ಕೆ, ನಿರೂಪಕರ ಮೈಕು ಒಂದಕ್ಕೆ, ಮನೆಯವರ ಮೈಕು ಇನ್ನೊಂದಕ್ಕೆ.

ಇದು ಯಾಕೆ ಬೇಕು ಅಂದ್ರೆ, ಈ ದರದ ಕಂಟ್ರೋಲರ್‌ಗಳಲ್ಲಿ ಔಟ್‌ಪುಟ್ ಆರ್‌ಸಿಎ (ಕೆಂಪು-ಬಿಳಿ ಜೋಡಿ ಪ್ಲಗ್). ಅದು ಅನ್‌ಬ್ಯಾಲೆನ್ಸ್ಡ್, ಅಂದ್ರೆ ದಾರಿಯಲ್ಲಿ ಸೇರೋ ಗದ್ದಲ ಕಳೆಯೋ ವ್ಯವಸ್ಥೆ ಇಲ್ಲ. ಎರಡು ಮೂರು ಮೀಟರ್ ದಾಟಿದ್ರೆ ಲೈಟಿನ ಡಿಮ್ಮರ್, ಫೋನ್, ಪಕ್ಕದ ಕರೆಂಟ್ ವೈರು ಎಲ್ಲದರ ಗದ್ದಲ ಎಳ್ಕೊಳ್ಳುತ್ತೆ. ಆರ್‌ಸಿಎಯನ್ನ ಒಂದೂವರೆ ಮೀಟರ್‌ನಲ್ಲೇ ಮಿಕ್ಸರಿಗೆ ಮುಗಿಸಿ, ಅಲ್ಲಿಂದ ಸ್ಪೀಕರ್ ತನಕ ಎಕ್ಸ್‌ಎಲ್‌ಆರ್ ಹಾಕಿದ್ರೆ 20 ಮೀಟರ್ ಎಳೆದರೂ ತೊಂದ್ರೆ ಇಲ್ಲ. ಕಂಟ್ರೋಲರಿನ ಮೈಕ್ ತೂತಿಗೆ ನಿರೂಪಕರ ಮೈಕ್ ಹಾಕಬೇಡಿ. ಸಾಮಾನ್ಯವಾಗಿ ಅಲ್ಲಿ ಇರೋದು ಒಂದು ಲೆವೆಲ್ ತಿರುಪು ಮಾತ್ರ, ಕೂಗು ಬಂದ್ರೆ ತಡೆಯೋಕೆ ದಾರಿ ಇರಲ್ಲ. ಮಿಕ್ಸರಲ್ಲಾದ್ರೆ ಲೋ-ಕಟ್ ಒತ್ತಿ, ಲೋ ಮಿಡ್ ಸ್ವಲ್ಪ ಇಳಿಸಿದ್ರೆ ಆರ್‌ಸಿಸಿ ಹಾಲಿನ ಗೊಂಯ್‌ಗುಡುವಿಕೆ ಅರ್ಧ ಇಳಿಯುತ್ತೆ. ಸ್ಪೀಕರ್ ಯಾವಾಗಲೂ ಮೈಕ್ ಹಿಡಿದವರಿಗಿಂತ ಮುಂದೆ ಇರಬೇಕು, ಹಾರ್ನ್ ನಿಂತವರ ತಲೆಗಿಂತ ಮೇಲೆ.

ಗುಂಯ್ ಸದ್ದಿಗೆ ಬರ್ತೀನಿ. ಅದು ಗ್ರೌಂಡ್ ಲೂಪ್. ಚಾರ್ಜರ್ ಒಂದು ಕಡೆ ಅರ್ಥ್ ಆಗಿದೆ, ಸ್ಪೀಕರ್ ಇನ್ನೊಂದು ಕಡೆ, ನಡುವೆ ಆಡಿಯೊ ಕೇಬಲ್ಲಿನ ಕವಚದಲ್ಲಿ ಕರೆಂಟು ಹರಿಯುತ್ತೆ. ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದೇ. ಮೊದಲ ಮದ್ದು: ಲ್ಯಾಪ್‌ಟಾಪ್, ಮಿಕ್ಸರ್, ಸ್ಪೀಕರ್ ಮೂರಕ್ಕೂ ಒಂದೇ ಬೋರ್ಡಿಂದ ಕರೆಂಟು. ಅದಕ್ಕೂ ಹೋಗದಿದ್ರೆ ಕಂಟ್ರೋಲರ್ ಮತ್ತು ಮಿಕ್ಸರ್ ನಡುವೆ ಟ್ರಾನ್ಸ್‌ಫಾರ್ಮರ್ ಇರೋ ಸ್ಟೀರಿಯೊ ಡಿಐ ಬಾಕ್ಸ್ (ಸಿಗ್ನಲ್ ಮಾತ್ರ ದಾಟಿಸೋ ಡಬ್ಬ) ಹಾಕಿ, ಕವಚದ ಸಂಪರ್ಕ ಕಡಿಯೋ ಗ್ರೌಂಡ್ ಲಿಫ್ಟ್ ಬಟನ್ ಒತ್ತಿ. ಕೆಲವರು ಪ್ಲಗ್ಗಿನ ಅರ್ಥ್ ಪಿನ್ ಮುರಿದು ಹಾಕ್ತಾರೆ. ಸದ್ದು ಹೋಗುತ್ತೆ, ಆದ್ರೆ ಒಳಗೆ ಎಲ್ಲಾದ್ರೂ ಲೀಕ್ ಆದ ದಿನ ಮೈಕ್ ಹಿಡಿದವರ ಕೈಗೆ 230 ವೋಲ್ಟ್ ಬರುತ್ತೆ. ದಯವಿಟ್ಟು ಅದನ್ನ ಮಾಡಲೇಬೇಡಿ.

ಬಾಡಿಗೆ ಕೇಳುವಾಗ ‘ಎಷ್ಟು ವಾಟ್ಸ್’ ಅಂತ ಕೇಳಬೇಡಿ, ಆ ಅಂಕಿ ಅವರವರು ಹೇಳಿದ್ದು. ‘12 ಇಂಚಿನ ಆಕ್ಟಿವ್ ಟಾಪ್ ಎರಡು, ಸ್ಟ್ಯಾಂಡ್ ಸಮೇತ’ ಅನ್ನಿ. ಆಕ್ಟಿವ್ ಅಂದ್ರೆ ಆಂಪ್ಲಿಫೈಯರ್ ಒಳಗೇ ಇರೋದು. ಒಳಗಿನ ನಾಮಕರಣಕ್ಕೆ ಅಷ್ಟೇ ಸಾಕು. 150 ಜನ ಕುಣಿಯೋದಾದ್ರೆ ಅದರ ಜೊತೆಗೆ 18 ಇಂಚಿನ ಬೇಸ್ ಒಂದು.

ಲಗ್ಗೆರೆ_ಬೀಟ್ಸ್:

ಬಹಳ ಉಪಕಾರ ಸಾರ್. ಒಂದು ಡೌಟು. ಫೋನಿಂದ ನೇರ ಸ್ಪೀಕರಿಗೆ ಹಾಕೋಕೆ ಎಸ್.ಪಿ. ರೋಡಲ್ಲಿ ಒಂದು ಕೇಬಲ್ ತಗೊಂಡಿದ್ದೆ. ಒಂದು ತುದಿ 3.5 ಎಂಎಂ, ಇನ್ನೊಂದು ತುದಿ ಒಂದೇ ಎಕ್ಸ್‌ಎಲ್‌ಆರ್. ಅದರಲ್ಲಿ ಮ್ಯೂಸಿಕ್ ಬರುತ್ತೆ, ಹಾಡೋರ ದನಿ ಬರಲ್ಲ. ಸ್ಪೀಕರ್ ಹಾಳಾ?

ಎರಡು_ಟಾಪ್_ಒಂದು_ಬೇಸ್:

ಸ್ಪೀಕರ್ ಸರಿಯಿದೆ. ಕೇಬಲ್ ಬೆಸುಗೆ ನಿಮ್ಮ ಕೆಲಸಕ್ಕೆ ಒಗ್ಗಲ್ಲ. ಎಕ್ಸ್‌ಎಲ್‌ಆರ್‌ನಲ್ಲಿ ಪಿನ್ 1 ಗ್ರೌಂಡ್, 2 ಹಾಟ್, 3 ಕೋಲ್ಡ್. ಸ್ಪೀಕರ್ ಮಾಡೋ ಕೆಲಸ 2ರಲ್ಲಿ ಬಂದದ್ದರಿಂದ 3ರಲ್ಲಿ ಬಂದದ್ದನ್ನ ಕಳೆಯೋದು. ದಾರಿಯಲ್ಲಿ ಸೇರಿಕೊಂಡ ಗದ್ದಲ ಎರಡರಲ್ಲೂ ಒಂದೇ ಥರ ಇರೋದ್ರಿಂದ ಕಳೆದಾಗ ಸೊನ್ನೆಯಾಗುತ್ತೆ, ಬ್ಯಾಲೆನ್ಸ್ಡ್ ಕೇಬಲ್ಲಿನ ಗುಟ್ಟೇ ಇದು. ನಿಮ್ಮ ಕೇಬಲ್ಲಲ್ಲಿ ಎಡ ಚಾನೆಲ್ ಪಿನ್ 2ಕ್ಕೆ, ಬಲ ಚಾನೆಲ್ ಪಿನ್ 3ಕ್ಕೆ ಬೆಸೆದಿದ್ದಾರೆ. ಹಾಡುಗಾರರ ದನಿಯನ್ನ ಸ್ಟುಡಿಯೊದಲ್ಲಿ ನಡುವೆ ಕೂರಿಸಿರ್ತಾರೆ, ಅಂದ್ರೆ ಎಡಕ್ಕೂ ಬಲಕ್ಕೂ ಸಮ. ಕಳೆದಾಗ ಅದು ಗದ್ದಲದ ಥರವೇ ಸೊನ್ನೆ. ನಡುವೆ ಇರೋ ಬೇಸ್, ಕಿಕ್ ಕೂಡ ಹೋಗಿರುತ್ತೆ, ಗಮನಿಸಿ ನೋಡಿ. ಉಳಿಯೋದು ಅಕ್ಕಪಕ್ಕಕ್ಕೆ ಹರಡಿದ ವಯಲಿನ್, ಕೋರಸ್, ಎಕೋ.

ಆ ಕೇಬಲ್ ಎತ್ತಿಡಿ. 3.5 ಎಂಎಂನಿಂದ ಎರಡು ಆರ್‌ಸಿಎ ಅಥವಾ ಎರಡು ಕಾಲಿಂಚಿನ ಮೋನೋ ಜ್ಯಾಕ್ ಇರೋದು ತಗೊಂಡು ಮಿಕ್ಸರಿನ ಸ್ಟೀರಿಯೊ ಇನ್‌ಪುಟ್ಟಿಗೆ ಹಾಕಿ. ಎಸ್.ಪಿ. ರೋಡಲ್ಲಿ ಕೇಬಲ್ ಕಟ್ಟಿಸೋದಾದ್ರೆ ಅಂಗಡಿಯಲ್ಲೇ ಮಲ್ಟಿಮೀಟರ್ ಬೀಪ್ ಮೋಡಲ್ಲಿ ಪಿನ್ ಟು ಪಿನ್ ನೋಡಿ, ತುದಿ ಅಲ್ಲಾಡಿಸ್ತಾ ನೋಡಿ. ಬೆಸುಗೆ ಸಡಿಲ ಇದ್ರೆ ಬೀಪ್ ತುಂಡಾಗುತ್ತೆ.

ಅರ್ಥಿಂಗ್_ಮೊದಲು:

ಮಲ್ಟಿಮೀಟರ್ ಮಾತು ಬಂತು, ಹಾಗಾಗಿ ಇದನ್ನ ಹೇಳಲೇಬೇಕು. ಆಡಿಯೊ ಸಾಮಾನು ಸುಡೋದು ಜಾಸ್ತಿ ಶಾಮಿಯಾನದ ಕರೆಂಟಿನಿಂದ. ಏನನ್ನೂ ಸಿಕ್ಕಿಸೋ ಮುಂಚೆ ಸಾಕೆಟ್ಟಲ್ಲಿ ಮೂರು ಅಳತೆ ತಗೊಳ್ಳಿ. ಫೇಸ್-ನ್ಯೂಟ್ರಲ್ 220ರಿಂದ 240 ಇರಬೇಕು. ಫೇಸ್-ಅರ್ಥ್ ಹೆಚ್ಚುಕಮ್ಮಿ ಅಷ್ಟೇ ಇರಬೇಕು, ಸೊನ್ನೆ ಅಥವಾ ನೂರರ ಆಸುಪಾಸು ಬಂದ್ರೆ ಅರ್ಥ್ ಇಲ್ಲ ಅಂತ. ನ್ಯೂಟ್ರಲ್-ಅರ್ಥ್ 2-3 ವೋಲ್ಟ್ ದಾಟಬಾರದು. ಮೀಟರ್ ಕ್ಯಾಟ್ 3 (ಕಟ್ಟಡದ ಕರೆಂಟು ಅಳೆಯೋಕೆ ಸುರಕ್ಷತಾ ದರ್ಜೆ) ಗುರುತಿರೋದು ತಗೊಳ್ಳಿ, ಪ್ರೋಬ್ ಹಿಡಿಯುವಾಗ ಬೆರಳು ತಡೆಗಿಂತ ಹಿಂದೆ ಇರಲಿ.

ಇದೇ ಅಳತೆಯನ್ನ ಅಡುಗೆಯವರ ಗ್ರೈಂಡರು, ಸೀರಿಯಲ್ ಸೆಟ್ಟು, ಫೋಕಸ್ ಲೈಟು ಎಲ್ಲ ಆನ್ ಆದ ಮೇಲೆ ಇನ್ನೊಂದು ಸಲ ತಗೊಳ್ಳಿ. ಮೂರು ಫೇಸಿನ ಸಂಪರ್ಕದಲ್ಲಿ ನ್ಯೂಟ್ರಲ್ ಸಡಿಲ ಇದ್ರೆ ಲೋಡ್ ಇಲ್ಲದಾಗ ಎಲ್ಲ ಸರಿ ಕಾಣುತ್ತೆ. ಲೋಡ್ ಬಿದ್ದ ಮೇಲೆ ಒಂದು ಫೇಸ್ 150ಕ್ಕೆ ಇಳಿದು ಇನ್ನೊಂದು 300ರ ಮೇಲೆ ಏರುತ್ತೆ. ನ್ಯೂಟ್ರಲ್ ಪೂರ್ತಿ ಕಳಚಿದ್ರೆ ಕಮ್ಮಿ ಲೋಡಿನ ಫೇಸಿಗೆ 400ರ ಹತ್ತಿರ ಬರಬಹುದು. ಲೈಟು ಒಂದು ಕಡೆ ಮಂಕಾಗಿ ಇನ್ನೊಂದು ಕಡೆ ಜಾಸ್ತಿ ಹೊಳೀತಿದ್ರೆ ಆ ಕ್ಷಣವೇ ಸ್ಪೀಕರ್ ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್ನ ಕರೀರಿ.

ಎಕ್ಸ್‌ಟೆನ್ಶನ್ 2.5 ಚದರ ಎಂಎಂ ತಾಮ್ರದ್ದು, 16 ಆಂಪ್ ಪ್ಲಗ್ಗಿನದು ಇರಲಿ. 6 ಆಂಪ್ ಸಾಕೆಟ್ ಲೆಕ್ಕದಲ್ಲಿ 1380 ವಾಟ್ ಮಾತ್ರ, 16 ಆಂಪ್ ಆದ್ರೆ 3680. ರೋಲ್ ಪೂರ್ತಿ ಬಿಚ್ಚಿ ಹಾಸಿ. ಸುತ್ತಿಟ್ಟ ಕೇಬಲ್ಲಿಗೆ ಬಿಸಿ ಹೊರಹೋಗೋಕೆ ಜಾಗ ಇಲ್ಲ, ಒಳಗಿನ ಸುತ್ತು ಕರಗಿ ಶಾರ್ಟ್ ಆಗುತ್ತೆ. ಲೈಟಿಗೆ ಬೇರೆ ಲೈನ್ ಕೇಳಿ.

ಆನ್ ಮಾಡುವಾಗ ಲ್ಯಾಪ್‌ಟಾಪ್, ಕಂಟ್ರೋಲರ್, ಮಿಕ್ಸರ್, ಕೊನೆಗೆ ಸ್ಪೀಕರ್. ಆಫ್ ಮಾಡುವಾಗ ಸ್ಪೀಕರ್ ಮೊದಲು. ಉಲ್ಟಾ ಆದ್ರೆ ಧಡ್ ಅಂತ ಬರೋ ಹೊಡೆತ ನೇರ ಕೋನ್‌ಗೆ ಬೀಳುತ್ತೆ. ಬೆಸ್ಕಾಂ ಕರೆಂಟು ಹೋಗಿ ಜನರೇಟರ್ ಶುರುವಾದಾಗಲೂ ಹಾಗೇ, ಸ್ಪೀಕರ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ವೋಲ್ಟೇಜ್ ನೋಡಿ ಆಮೇಲೆ ಆನ್ ಮಾಡಿ. ಟೆರೇಸ್ ಕಾರ್ಯಕ್ರಮ ಆದ್ರೆ ಪ್ಲಗ್ ಜೋಡಣೆಗಳನ್ನ ನೆಲದ ಮೇಲೆ ಬಿಡಬೇಡಿ, ಕುರ್ಚಿ ಮೇಲಿಟ್ಟು ಪ್ಲಾಸ್ಟಿಕ್ ಸುತ್ತಿ. ಅಕ್ಟೋಬರ್ ಸಂಜೆ ಮಳೆ ಹೇಳಿ ಕೇಳಿ ಬರಲ್ಲ.

ತಮಟೆ_ತಾಳ:

ಸಿಂಕ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಹಳೇ ಹಾಡುಗಳನ್ನ ಕ್ಲಿಕ್ (ಕಿವಿಯಲ್ಲಿ ಸಮ ವೇಗದ ಟಿಕ್ ಟಿಕ್) ಇಲ್ಲದೆ ವಾದ್ಯಗೋಷ್ಠಿಯೇ ಕೂತು ನುಡಿಸಿರೋದು. ಪಲ್ಲವಿಯಲ್ಲಿ ಒಂದು ವೇಗ, ಚರಣಕ್ಕೆ ಬರುವಾಗ ಇನ್ನೊಂದು. ಸಾಫ್ಟ್‌ವೇರ್ ಒಂದೇ ವೇಗ ಅಂತ ಅಂದುಕೊಂಡು ಸಮ ಅಂತರದಲ್ಲಿ ಗೆರೆ ಹಾಕುತ್ತೆ, ಅರ್ಧ ನಿಮಿಷದಲ್ಲಿ ಗೆರೆ ಒಂದು ಕಡೆ, ತಬಲಾ ಇನ್ನೊಂದು ಕಡೆ. ರೆಕಾರ್ಡ್‌ಬಾಕ್ಸಲ್ಲಿ ಅಂಥ ಹಾಡುಗಳನ್ನ ಮಾತ್ರ ಆಯ್ದು ಅನಾಲಿಸಿಸ್ ಮೋಡನ್ನ ನಾರ್ಮಲ್‌ನಿಂದ ಡೈನಾಮಿಕ್‌ಗೆ ಬದಲಾಯಿಸಿ ಮತ್ತೆ ಅನಲೈಜ್ ಮಾಡಿ. ಮೂರು ಎಕ್ಸ್‌ನ ಮಿಕ್ಸಲ್ಲಿ ಬೀಟ್ ಡಿಟೆಕ್ಷನ್ ಪುಟದ ‘ಅಸ್ಯೂಮ್ ಕಾನ್ಸ್ಟಂಟ್ ಟೆಂಪೊ’ ಟಿಕ್ ತೆಗೀರಿ. ಹೊಸ ಹಾಡುಗಳಿಗೆ ಅದು ಇರಲಿ, ತೆಗೆದ್ರೆ ನೆಟ್ಟಗಿರೋ ಗೆರೆಯೂ ಕೆಡಬಹುದು.

ತಮಟೆ, ಡೊಳ್ಳಿನ ಹಾಡುಗಳದ್ದು ಬೇರೆ ಸಮಸ್ಯೆ. ಬಹಳಷ್ಟು 6/8ರ ನಡೆ, ಒಂದು ಪೆಟ್ಟಿನೊಳಗೆ ಮೂರು. ಸಾಫ್ಟ್‌ವೇರ್ ಅದನ್ನ 4/4ಕ್ಕೆ ತುರುಕಿ ಇಲ್ಲದ ಬಿಪಿಎಂ (ನಿಮಿಷಕ್ಕೆ ಎಷ್ಟು ಪೆಟ್ಟು) ತೋರಿಸುತ್ತೆ. ಇದನ್ನ 4/4 ಹಾಡಿನ ಜೊತೆ ಉದ್ದಕ್ಕೆ ಮಿಕ್ಸ್ ಮಾಡೋ ಆಸೆಯೇ ಬೇಡ, ಎರಡು ಮೆರವಣಿಗೆ ಎದುರುಬದುರು ಬಂದ ಹಾಗಾಗುತ್ತೆ. 6/8ಗೆ ಬೇರೆ ಪ್ಲೇಲಿಸ್ಟ್ ಮಾಡಿ, ಅದರೊಳಗೇ ನಾಲ್ಕೈದು ಹಾಡು ಓಡಿಸಿ. ಆಚೆ ಬರುವಾಗ ಚರಣ ಮುಗಿಯೋ ಜಾಗದಲ್ಲಿ ಎಕೋ ಔಟ್ (ಹಾಡು ಪ್ರತಿಧ್ವನಿಸ್ತಾ ಕರಗೋ ಎಫೆಕ್ಟ್) ಕೊಟ್ಟು, ಬಾಲ ಕೇಳ್ತಿರುವಾಗಲೇ ಮುಂದಿನ ಹಾಡನ್ನ ಮೊದಲ ಪೆಟ್ಟಿಂದ ಬಿಡಿ. ಆ ಮೊದಲ ಪೆಟ್ಟಿಗೆ ಮನೆಯಲ್ಲೇ ಹಾಟ್ ಕ್ಯೂ (ಬಟನ್ ಒತ್ತಿದ್ರೆ ನೇರ ಅಲ್ಲಿಗೇ ಹೋಗೋ ಗುರುತು) ಹಾಕಿಟ್ಟಿರಬೇಕು. 72 ಇರಬೇಕಾದ್ದು 144 ಅಂತ ಕಂಡರೆ ಅದು ತಪ್ಪಲ್ಲ, ದುಪ್ಪಟ್ಟು ಎಣಿಸಿದೆ ಅಷ್ಟೇ, ಗ್ರಿಡ್ಡಲ್ಲಿ (ಬೀಟ್ ಗೆರೆಗಳನ್ನ ತಿದ್ದೋ ಜಾಗ) ಅರ್ಧ ಮಾಡೋ ಬಟನ್ ಇದೆ.

ಇನ್ನೊಂದು ವಿಷಯಕ್ಕೆ ಯಾರೂ ಗಮನ ಕೊಡಲ್ಲ: ಹೆಸರು. ಕನ್ನಡ ಹಾಡಿನ ಫೈಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರೋದು ಜಾಸ್ತಿ. ‘ಪ್ರೀತಿ’ ಅನ್ನೋದನ್ನ ಒಬ್ಬರು ಇ ಎರಡು ಸಲ ಹಾಕಿ ಬರೀತಾರೆ, ಒಬ್ಬರು ಐ ಹಾಕ್ತಾರೆ, ಒಬ್ಬರು ಟಿ ಆದ ಮೇಲೆ ಎಚ್ ಸೇರಿಸ್ತಾರೆ. ಸ್ಟೇಜ್ ಮುಂದೆ ಹುಡುಗರು ಹಾಡು ಕೇಳ್ತಿರುವಾಗ ಮೂರು ಥರ ಟೈಪ್ ಮಾಡಿ ಹುಡುಕೋ ಅಷ್ಟರಲ್ಲಿ ಓಡ್ತಿರೋ ಹಾಡು ಮುಗಿದಿರುತ್ತೆ. ಒಂದೇ ಕಾಗುಣಿತ ನಿಯಮ ಇಟ್ಟುಕೊಂಡು ಎಲ್ಲ ಟ್ಯಾಗ್ ತಿದ್ದಿ. ಕಾಮೆಂಟ್ ಖಾನೆಯಲ್ಲಿ ಸಿನಿಮಾ ಹೆಸರು, ಜೊತೆಗೆ ಜನರ ಬಾಯಲ್ಲಿರೋ ಸಾಲಿನ ಮೊದಲ ಎರಡು ಪದ ಹಾಕಿ. ಕೇಳೋರು ಹಾಡಿನ ಹೆಸರು ಹೇಳಲ್ಲ, ಆ ಸಾಲನ್ನೇ ಹಾಡಿ ತೋರಿಸ್ತಾರೆ.

ವಿಡಿಯೊದಿಂದ ಇಳಿಸಿ 320 ಅಂತ ಹೆಸರಿಟ್ಟ ಫೈಲುಗಳನ್ನ ಸ್ಪೆಕ್ ಅನ್ನೋ ಫ್ರೀ ಉಪಕರಣದಲ್ಲಿ ತೆರೆದು ನೋಡಿ. 16 ಕಿಲೋಹರ್ಟ್ಸ್ ಹತ್ತಿರ ಗೋಡೆ ಕಟ್ಟಿದ ಹಾಗೆ ನಿಂತಿದ್ರೆ ಮೂಲ 128 ಇರಬಹುದು. ಫೋನಲ್ಲಿ ಗೊತ್ತಾಗಲ್ಲ, ದೊಡ್ಡ ಟಾಪಲ್ಲಿ ತಾಳ, ಗೆಜ್ಜೆ ಎಲ್ಲ ನೀರಲ್ಲಿ ಅದ್ದಿದ ಹಾಗೆ ಕೇಳುತ್ತೆ.

ರಾಜ್ಯೋತ್ಸವದಲ್ಲಿ ನಾಡಗೀತೆ ಹಾಕುವಾಗ ಆ ಡೆಕ್ಕಿನ ಟೆಂಪೊ ಸ್ಲೈಡರ್ ಸೊನ್ನೆಯಲ್ಲಿದೆಯಾ, ಸಿಂಕ್ ಆಫ್ ಆಗಿದೆಯಾ ಅಂತ ಕಣ್ಣಾರೆ ನೋಡಿ. ಹಿಂದಿನ ಹಾಡಿನ ವೇಗ ಅಂಟಿಕೊಂಡಿದ್ರೆ ನಾಡಗೀತೆ ಓಡುತ್ತೆ, ನಿಂತವರಿಗೆಲ್ಲ ಗೊತ್ತಾಗುತ್ತೆ. 2 ನಿಮಿಷ 30 ಸೆಕೆಂಡಿನ ಅಧಿಕೃತ ಧಾಟಿಯ ಫೈಲೇ ಇರಲಿ, ಅದು ಮುಗಿಯೋ ತನಕ ಇನ್ನೊಂದು ಫೇಡರ್ ಮುಟ್ಟಬೇಡಿ.

ಕತ್ರಿಗುಪ್ಪೆ_ಕ್ರಾಸ್‌ಫೇಡರ್:

ಪರ್ಮಿಶನ್ ಬಗ್ಗೆ ಎರಡು ಮಾತು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಲೌಡ್‌ಸ್ಪೀಕರ್ ಇಲ್ಲ. ಹಗಲಲ್ಲೂ ಲಿಖಿತ ಅನುಮತಿ ಬೇಕು. ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ಸೈಲೆನ್ಸ್ ಝೋನ್ ಆಗಿರಬಹುದು, ಜಾಗ ನೋಡೋಕೆ ಹೋದಾಗಲೇ ಅಕ್ಕಪಕ್ಕ ಕಣ್ಣಾಡಿಸಿ. ಅನುಮತಿ ಆಯೋಜಕರ ಹೆಸರಲ್ಲಿ ಪೊಲೀಸ್ ಸ್ಟೇಷನ್ನಿಂದ ತರಿಸಿ, ಪ್ರತಿ ನಿಮ್ಮ ಫೋನಲ್ಲಿ ಇರಲಿ. ಹಾಡಿನ ಹಕ್ಕಿನ ವಿಷಯಕ್ಕೆ, 1957ರ ಕಾಪಿರೈಟ್ ಕಾಯ್ದೆಯ 52(1)(ಝಡ್‌ಎ) ಮದುವೆ ಮತ್ತು ಅದಕ್ಕೆ ಸೇರಿದ ಸಮಾರಂಭ, ಧಾರ್ಮಿಕ ಆಚರಣೆಗಳಿಗೆ ವಿನಾಯಿತಿ ಕೊಡುತ್ತೆ. ಕಂಪನಿ ಪಾರ್ಟಿ, ಟಿಕೆಟ್ ಇಟ್ಟ ಕಾರ್ಯಕ್ರಮ ಅದರೊಳಗೆ ಬರಲ್ಲ. ಅಲ್ಲಿ ಲೈಸೆನ್ಸ್ ಯಾರ ಜವಾಬ್ದಾರಿ ಅಂತ ಮುಂಗಡ ತಗೊಳ್ಳುವಾಗಲೇ ಬರೆಸಿಕೊಳ್ಳಿ.

ಲಗ್ಗೆರೆ_ಬೀಟ್ಸ್:

ಎಲ್ಲ ಬರ್ಕೊಂಡೆ. ಕೊನೇ ಪ್ರಶ್ನೆ, ನಡುವೆ ಲ್ಯಾಪ್‌ಟಾಪ್ ಕೈಕೊಟ್ರೆ? ಇನ್ನೊಂದು ಲ್ಯಾಪ್‌ಟಾಪಿಗೆ ಬಜೆಟ್ ಇಲ್ಲ.

ಎರಡು_ಟಾಪ್_ಒಂದು_ಬೇಸ್:

ಮಿಕ್ಸರಿನ ಎರಡನೇ ಸ್ಟೀರಿಯೊ ಚಾನೆಲ್ಲಿಗೆ ಫೋನ್ ಅಂತ ಮೊದಲೇ ಹೇಳಿದ್ದು ಅದಕ್ಕೇ. ಒಂದು ಗಂಟೆಯ ಮಿಕ್ಸನ್ನ ಮನೆಯಲ್ಲೇ ಮಾಡಿ ಒಂದೇ ಫೈಲಾಗಿ ಫೋನಲ್ಲಿ ಇಟ್ಟುಕೊಳ್ಳಿ. ಏರೋಪ್ಲೇನ್ ಮೋಡ್, ಫೋನ್ ವಾಲ್ಯೂಮ್ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಮೇಲೆ. ಸೌಂಡ್ ಚೆಕ್ಕಲ್ಲೇ ಅದರ ಗೇನ್ ಕಂಟ್ರೋಲರಿನ ಮಟ್ಟಕ್ಕೆ ಸರಿಮಾಡಿ, ಲೆವೆಲ್ ಮಾತ್ರ ಪೂರ್ತಿ ಕೆಳಗಿಡಿ, ತಿರುಪು ಎಲ್ಲಿಗೆ ಬರಬೇಕು ಅಂತ ಟೇಪಲ್ಲಿ ಗುರುತು ಹಾಕಿ.

ಲ್ಯಾಪ್‌ಟಾಪ್ ನಿಂತ ಕ್ಷಣ ಲ್ಯಾಪ್‌ಟಾಪ್ ನೋಡಬೇಡಿ. ಫೋನಲ್ಲಿ ಪ್ಲೇ ಒತ್ತಿ, ಲೆವೆಲ್ ಗುರುತಿನ ತನಕ ಏರಿಸಿ, ಕಂಟ್ರೋಲರ್ ಚಾನೆಲ್ ಪೂರ್ತಿ ಇಳಿಸಿ, ಆಮೇಲೆ ಬಗ್ಗಿ ನೋಡಿ. ಬಹಳ ಸಲ ಯುಎಸ್‌ಬಿ ಕೇಬಲ್ಲೇ ಅಲ್ಲಾಡಿ ಕಳಚಿರುತ್ತೆ. ಹಬ್ ಬಳಸದೆ ನೇರ ಲ್ಯಾಪ್‌ಟಾಪಿಗೆ ಹಾಕಿ, ಎರಡು ತುದಿಯ ಹತ್ತಿರವೂ ಟೇಬಲ್ಲಿಗೆ ಗ್ಯಾಫರ್ ಟೇಪ್ ಒತ್ತಿ, ಅದೇ ಅಳತೆಯ ಇನ್ನೊಂದು ಕೇಬಲ್ ಬ್ಯಾಗಲ್ಲಿರಲಿ. ಮತ್ತೆ ಸಿಕ್ಕಿಸಿದ ಮೇಲೆ ಸಾಫ್ಟ್‌ವೇರಲ್ಲಿ ಆಡಿಯೊ ಔಟ್‌ಪುಟ್ ಕಂಟ್ರೋಲರಿಗೇ ಇದೆಯಾ ನೋಡಿ. ಎಷ್ಟೋ ಸಲ ಅದು ಲ್ಯಾಪ್‌ಟಾಪಿನ ಸ್ವಂತ ಸ್ಪೀಕರಿಗೆ ಹಾರಿರುತ್ತೆ, ಪರದೆ ಮೇಲೆ ಅಲೆ ಓಡ್ತಿರುತ್ತೆ, ಹೊರಗೆ ಸದ್ದೇ ಇರಲ್ಲ.